ಅಮೆರಿಕನ್ ಆರ್ಮಿಯಲ್ಲಿ ನೆಟ್‌ವರ್ಕ್ ಕೆಲ್ಸ: ಟ್ರೈನಿಂಗ್‌ಗೆ ಹೊರಡೋ ಮುಂಚೆ ನಮ್ಮೋರು ಏನೇನು ಮಾಡ್ಕೋಬೇಕು

ನಮ್ಮಕ್ಕನ ಮಗ ಆರ್ಮಿಗೆ ಸೇರ್ತೀನಿ ಅಂದಾಗ ಮನೇಲಿ ಎರಡು ದಿನ ಯಾರಿಗೂ ಊಟ ಸೇರ್ಲಿಲ್ಲ. ಅಕ್ಕಂಗೆ ಆರ್ಮಿ ಅಂದ್ರೆ ಕೊಡಗು, ಕಾರ್ಯಪ್ಪನವರು, ಗಡಿ, ಬಂದೂಕು ಅಷ್ಟೇ. ಇವನು ಹೇಳ್ತಿದ್ದಿದ್ದು ರೂಟರ್, ಸ್ವಿಚ್, ಸರ್ವರ್. ನಾನು ಹದಿನೈದು ವರ್ಷದಿಂದ ಇದೇ ನೆಟ್‌ವರ್ಕಿಂಗ್ ಫೀಲ್ಡಲ್ಲಿ ಇರೋದ್ರಿಂದ ಅವನ ತಯಾರಿ ಪೂರ್ತಿ ನನ್ನ ತಲೆ ಮೇಲೆ ಬಿತ್ತು, ಆವಾಗ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ ಯಾಕಂದ್ರೆ ಆಮೇಲೆ ನಮ್ಮ ಕನ್ನಡ ಕೂಟದಲ್ಲೇ ಮೂರು ಮನೆಯವರು ಇದೇ ಪ್ರಶ್ನೆ ಕೇಳಿದ್ರು. ರಿಕ್ರೂಟರ್ ಎಲ್ಲಾ ಹೇಳ್ತಾನೆ, ಬೋನಸ್ ಹೇಳ್ತಾನೆ, ಕಾಲೇಜ್ ಫೀಸ್ ಹೇಳ್ತಾನೆ, ಆದ್ರೆ ಎರಡು ವಿಷಯ ಬಾಯಿ ಬಿಡಲ್ಲ (ಗೊತ್ತಿರಲ್ಲ ಅನ್ನೋದೇ ಸರಿ ಇರ್ಬೇಕು). ಒಂದು, ಇಂಡಿಯಾ ಕಡೆ ಇರೋ ನಮ್ಮ ಸಂಬಂಧ ಸೈಟು ಬ್ಯಾಂಕ್ ಅಕೌಂಟ್ ಇವೆಲ್ಲ ಈ ಕೆಲಸಕ್ಕೆ ಹೇಗೆ ತಗಲಾಕೊಳ್ಳತ್ತೆ ಅನ್ನೋದು. ಇನ್ನೊಂದು, ಕ್ಲಾಸ್ ಓಡೋ ಸ್ಪೀಡು.

ಮೊದ್ಲು ಯಾರು ಸೇರ್ಬಹುದು ಅನ್ನೋದು ಮುಗಿಸ್ಬಿಡೋಣ. ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರ್ಬೇಕು. ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿ ಇರೋರಿಗೆ ಈಗ ದಾರಿ ಇಲ್ಲ. ವೀಸಾದಲ್ಲಿ ಇದ್ದೋರನ್ನ ತಗೋತಿದ್ದ ಮಾವ್ನಿ ಅನ್ನೋ ಸ್ಕೀಮ್ 2016ರಲ್ಲೇ ನಿಂತೋಯ್ತು, ಇವತ್ತಿಗೂ ವಾಟ್ಸಾಪಲ್ಲಿ ಅದರ ಹಳೇ ಮೆಸೇಜ್ ಸುತ್ತುತ್ತಾ ಇರತ್ತೆ, ನಂಬ್ಬೇಡಿ. ಗ್ರೀನ್ ಕಾರ್ಡ್ ಇದ್ರೆ ಸೇರ್ಬಹುದು, ಆದ್ರೆ ನೆಟ್‌ವರ್ಕ್ ಕೆಲಸಕ್ಕೆ ಸೀಕ್ರೆಟ್ ಕ್ಲಿಯರೆನ್ಸ್ (ಸರ್ಕಾರದ ಗುಟ್ಟಿನ ಮಾಹಿತಿ ನೋಡೋಕೆ ಕೊಡೋ ಅನುಮತಿ) ಬೇಕು, ಕ್ಲಿಯರೆನ್ಸ್‌ಗೆ ಸಿಟಿಜನ್ ಆಗಿರ್ಬೇಕು. ಹಂಗಾಗಿ ಗ್ರೀನ್ ಕಾರ್ಡ್‌ನವರಿಗೆ ಕೊಡೋ ಕೆಲಸದ ಲಿಸ್ಟೇ ಬೇರೆ, ಅಡುಗೆ, ಟ್ರಕ್, ಸಪ್ಲೈ ಥರ. ಅಲ್ಲಿಂದ ಶುರು ಮಾಡಿ, ಸರ್ವಿಸ್ ಮೇಲೆ ಸಿಟಿಜನ್‌ಶಿಪ್ ತಗೊಂಡು, ಆಮೇಲೆ ಕೆಲಸ ಬದಲಾಯಿಸೋರು ಇದಾರೆ. ಸೈನಿಕರಿಗೆ ಎನ್-400 ಅನ್ನೋ ಸಿಟಿಜನ್‌ಶಿಪ್ ಅರ್ಜಿಗೆ ಫೀಸ್ ಇಲ್ಲ. ಆದ್ರೆ ಅರ್ಜೆಂಟ್ ಇಲ್ಲ ಅಂದ್ರೆ ಮೊದ್ಲು ಸಿಟಿಜನ್ ಆಗಿ ಆಮೇಲೆ ಸೇರೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಈಗ ಕೆಲಸದ ಹೆಸರುಗಳು. ಆರ್ಮಿಯಲ್ಲಿ ಪ್ರತಿ ಕೆಲಸಕ್ಕೂ ಒಂದು ಎಂಒಎಸ್ ನಂಬರ್ ಇರತ್ತೆ. 25ಬಿ ಅಂದ್ರೆ ಐಟಿ ಸ್ಪೆಷಲಿಸ್ಟ್, 25ಎಚ್ ನೆಟ್‌ವರ್ಕ್ ಮತ್ತು ಕಮ್ಯುನಿಕೇಷನ್ ಕಡೆ, 17ಸಿ ಸೈಬರ್. ಏರ್‌ಫೋರ್ಸ್‌ನೋರು ಮಿಸಿಸಿಪ್ಪಿಯ ಕೀಸ್ಲರ್‌ಗೆ ಹೋಗ್ತಾರೆ, ನೇವಿಯ ಐಟಿಗಳು ಫ್ಲೋರಿಡಾದ ಪೆನ್ಸಕೋಲಾಗೆ, ಮರೀನ್ಸ್ ಕ್ಯಾಲಿಫೋರ್ನಿಯಾ ಮರುಭೂಮಿಯ ಟ್ವೆಂಟಿನೈನ್ ಪಾಮ್ಸ್‌ಗೆ. ನಂಗೆ ಹತ್ತಿರದಿಂದ ಗೊತ್ತಿರೋದು 25ಬಿ, ಅದರದ್ದೇ ಹೇಳ್ತೀನಿ. ಅದರ ಸ್ಕೂಲ್ ಇರೋದು ಜಾರ್ಜಿಯಾದ ಅಗಸ್ಟಾ ಪಕ್ಕ, ಫೋರ್ಟ್ ಗಾರ್ಡನ್. 2023ರಲ್ಲಿ ಅದಕ್ಕೆ ಫೋರ್ಟ್ ಐಸನ್‌ಹೋವರ್ ಅಂತ ಹೆಸರಿಟ್ಟು 2025ರಲ್ಲಿ ಮತ್ತೆ ಗಾರ್ಡನ್ ಅಂತ ಮಾಡಿದ್ರು, ಎರಡು ಹೆಸರು ಕಂಡ್ರೆ ಗಾಬರಿ ಆಗ್ಬೇಡಿ, ಜಾಗ ಒಂದೇ. ಬೇಸಿಗೇಲಿ ಅಲ್ಲಿ ರಾಯಚೂರಿನ ಬಿಸಿಲಿಗೆ ಮಂಗಳೂರಿನ ಬೆವರು ಸೇರಿಸಿದ ಹಾಗಿರತ್ತೆ.

ಒಳಗೆ ಹೋಗೋಕೆ ಆಸ್ವಾಬ್ ಪರೀಕ್ಷೆ. ಇದ್ರಲ್ಲಿ ಎರಡು ಥರ ಮಾರ್ಕ್ಸ್ ಇರೋದು ತುಂಬಾ ಜನಕ್ಕೆ ಗೊತ್ತಾಗಲ್ಲ. ಎಎಫ್‌ಕ್ಯೂಟಿ ಅಂತ ಒಂದು, ಅದು ಸೇರಿಸ್ಕೋಬೇಕೋ ಬೇಡ್ವೋ ಅನ್ನೋದಕ್ಕೆ. ಕೆಲಸ ಯಾವುದು ಸಿಗತ್ತೆ ಅನ್ನೋದು ಲೈನ್ ಸ್ಕೋರ್ ಮೇಲೆ. 25ಬಿಗೆ ಎಸ್‌ಟಿ (ಸ್ಕಿಲ್ಡ್ ಟೆಕ್ನಿಕಲ್) ಅನ್ನೋ ಲೈನ್ ಸ್ಕೋರ್ 95 ಬೇಕು, 17ಸಿಗೆ ಜಿಟಿ (ಜನರಲ್ ಟೆಕ್ನಿಕಲ್) 110 ಮತ್ತು ಎಸ್‌ಟಿ 112. ಎಸ್‌ಟಿ ಲೆಕ್ಕಕ್ಕೆ ಬರೋದು ಸೈನ್ಸ್, ಇಂಗ್ಲಿಷ್, ಮ್ಯಾಥ್ಸ್, ಮೆಕ್ಯಾನಿಕಲ್. ನಮ್ಮ ಹುಡುಗನಿಗೆ ಮ್ಯಾಥ್ಸ್ ನೀರು ಕುಡಿದಷ್ಟು ಸಲೀಸು, ಆದ್ರೆ ಜನ್ಮದಲ್ಲಿ ಕಾರ್ ಬಾನೆಟ್ ಎತ್ತಿ ನೋಡ್ದೋನಲ್ಲ, ಪುಲ್ಲಿ ಗೇರ್ ಲೀವರ್ ಪ್ರಶ್ನೆಗಳಲ್ಲಿ ಮೊದಲ ಪ್ರಾಕ್ಟೀಸ್ ಟೆಸ್ಟಲ್ಲಿ ಮಕಾಡೆ ಮಲಗಿದ. ಹೈಸ್ಕೂಲ್ ಫಿಸಿಕ್ಸ್ ಪುಸ್ತಕ ತೆಗೆದು ಎರಡು ವಾರ ಕೂತ, ಸರಿಹೋಯ್ತು. ಅದಾದ್ಮೇಲೆ ಮೆಪ್ಸ್ ಅನ್ನೋ ಸೆಂಟರಲ್ಲಿ ಮೆಡಿಕಲ್, ಅಲ್ಲೇ ಕಾಂಟ್ರಾಕ್ಟ್ ಸೈನ್. ಕಾಂಟ್ರಾಕ್ಟಲ್ಲಿ 25ಬಿ ಅಂತ ಅಚ್ಚಾಗಿ ಬರೆದಿರೋದು ಕಣ್ಣಲ್ಲಿ ನೋಡೋ ತನಕ ಪೆನ್ ಮುಟ್ಟಬೇಡಿ. ಅವನಿಗೆ ಒಬ್ಬ ರಿಕ್ರೂಟರ್ "ಈಗ ಇರೋದು ತಗೋ, ಆಮೇಲೆ ಚೇಂಜ್ ಮಾಡ್ಸ್ಕೋಬಹುದು" ಅಂದಿದ್ದ, ಎದ್ದು ಬಂದ, ಐದು ವಾರ ಬಿಟ್ಟು ಅವರೇ ಫೋನ್ ಮಾಡಿ ಕರೆದ್ರು. ಇನ್ನೊಂದು, ಇಂಡಿಯಾದಲ್ಲಿ ಡಿಗ್ರಿ ಮಾಡಿದೋರು ಮಾರ್ಕ್ಸ್ ಕಾರ್ಡ್‌ಗಳನ್ನ ಇಲ್ಲಿನ ಇವ್ಯಾಲ್ಯುಯೇಷನ್ ಏಜೆನ್ಸಿಯಿಂದ ಮುಂಚೆನೇ ಮಾಡಿಸಿಟ್ಕೊಳ್ಳಿ, ಬ್ಯಾಚುಲರ್ಸ್‌ಗೆ ಸಮ ಅಂತ ಬಂದ್ರೆ ಆರ್ಮಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಇ-1 ಬದ್ಲು ಇ-4 ರ‍್ಯಾಂಕಲ್ಲೇ ಶುರು, ಸಂಬಳದಲ್ಲಿ ಪ್ರತಿ ತಿಂಗಳೂ ವ್ಯತ್ಯಾಸ ಗೊತ್ತಾಗತ್ತೆ. ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ತರಿಸೋಕೆ ಎಷ್ಟು ದಿನ ಹಿಡಿಯತ್ತೆ ಅಂತ ನಿಮ್ಗೇ ಗೊತ್ತಲ್ಲ.

ಈಗ ಕ್ಲಿಯರೆನ್ಸ್, ನಮ್ಮೋರಿಗೆ ಇದೇ ದೊಡ್ಡ ತಲೆನೋವು. ಎಸ್‌ಎಫ್-86 ಅಂತ ಒಂದು ಫಾರಂ. ಹತ್ತು ವರ್ಷ ಎಲ್ಲೆಲ್ಲಿ ವಾಸ ಇದ್ರಿ, ಏಳು ವರ್ಷದಲ್ಲಿ ಯಾವ್ಯಾವ ದೇಶಕ್ಕೆ ಹೋಗಿ ಬಂದ್ರಿ, ಅಪ್ಪ ಅಮ್ಮ ಅಣ್ಣ ತಮ್ಮ ಅಕ್ಕ ತಂಗಿ ಅತ್ತೆ ಮಾವ ಎಲ್ಲರ ಹುಟ್ಟಿದ ತಾರೀಕು, ಹುಟ್ಟಿದ ಊರು, ವಿಳಾಸ. ನಮ್ಮಲ್ಲಿ ಹಳಬರ ಹುಟ್ಟಿದ ತಾರೀಕು ಸ್ಕೂಲಲ್ಲಿ ಒಂದು, ಆಧಾರಲ್ಲಿ ಒಂದು, ನಿಜವಾದ್ದು ಇನ್ನೊಂದು. ಡಾಕ್ಯುಮೆಂಟಲ್ಲಿ ಏನಿದೆಯೋ ಅದನ್ನ ಹಾಕಿ, ಎಲ್ಲಾ ಕಡೆ ಒಂದೇ ಹಾಕಿ. ವಾರವಾರ ವಿಡಿಯೋ ಕಾಲಲ್ಲಿ ಮಾತಾಡೋ ಅಜ್ಜಿನೂ ಇವರ ಲೆಕ್ಕದಲ್ಲಿ ಫಾರಿನ್ ಕಾಂಟ್ಯಾಕ್ಟೇ. ಮೈಸೂರಲ್ಲಿ ತಾತ ನಿಮ್ಮ ಹೆಸರಲ್ಲಿ ಮಾಡಿಟ್ಟ ಸೈಟು, ಅಪ್ಪನ ಜೊತೆ ಜಾಯಿಂಟ್ ಇರೋ ಬ್ಯಾಂಕ್ ಅಕೌಂಟು, ಚಿಕ್ಕವರಿದ್ದಾಗ ಮಾಡಿಸಿದ ಎಲ್‌ಐಸಿ, ಎಲ್ಲಾ ಹೇಳ್ಬೇಕು. ಹೇಳಿದ್ರೆ ರಿಜೆಕ್ಟ್ ಆಗತ್ತೆ ಅಂತ ಭಯ ಬೀಳ್ತಾರೆ ಜನ. ಇಂಡಿಯಾದಲ್ಲಿ ನೆಂಟರಿರೋದು, ಆಸ್ತಿ ಇರೋದು ತಪ್ಪಲ್ಲ, ಅದನ್ನೆಲ್ಲ ತೂಗಿ ನೋಡ್ತಾರೆ ಅಷ್ಟೇ. ಮುಚ್ಚಿಟ್ಟಿದ್ದು ಆಮೇಲೆ ಸಿಕ್ರೆ ಅದು ಸುಳ್ಳು ಹೇಳಿದ ಲೆಕ್ಕ, ಅದಕ್ಕೆ ಉತ್ತರ ಕೊಡೋದು ಕಷ್ಟ. ನಾವು ಅಕ್ಕನ ಮನೆ ಡೈನಿಂಗ್ ಟೇಬಲ್ ಮೇಲೆ ಹಳೇ ಪಾಸ್‌ಪೋರ್ಟ್‌ಗಳನ್ನೆಲ್ಲ ಹರಡ್ಕೊಂಡು, ಸೀಲ್ ನೋಡಿ ನೋಡಿ, ಬೆಂಗಳೂರಿಗೆ ಹೋಗಿದ್ದ ತಾರೀಕೆಲ್ಲ ಒಂದು ಎಕ್ಸೆಲ್ ಶೀಟಲ್ಲಿ ಹಾಕಿದ್ವಿ, ಒಂದು ಇಡೀ ಭಾನುವಾರ ಹೋಯ್ತು. ಆ ಶೀಟು ಇವತ್ತಿಗೂ ಅವನ ಹತ್ರ ಇದೆ, ಮುಂದಿನ ಸಲ ಕ್ಲಿಯರೆನ್ಸ್‌ಗೆ ಮತ್ತೆ ಬೇಕಾಗತ್ತೆ.

ಇನ್ನು ಓಸಿಐ, ಅಂದ್ರೆ ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದೋರು ವೀಸಾ ಇಲ್ದೇ ಊರಿಗೆ ಬರೋಕೆ ಭಾರತ ಕೊಡೋ ಕಾರ್ಡ್. ಇದನ್ನ ಕೇಳಿದ್ರೆ ತುಂಬಾ ಜನ ಬೆಚ್ಚಿ ಬೀಳ್ತಾರೆ. ಭಾರತ ಸರ್ಕಾರದ ನಿಯಮದ ಪ್ರಕಾರ ವಿದೇಶಿ ಸೈನ್ಯದಲ್ಲಿ ಇರೋರಿಗೆ, ರಿಟೈರ್ ಆದೋರಿಗೂ ಸೇರಿ, ಓಸಿಐ ಕಾರ್ಡ್ ಕೊಡಲ್ಲ. ಅಂದ್ರೆ ಊರಿಗೆ ಹೋಗೋಕೆ ವೀಸಾ ಬೇಕು, ಆ ಅರ್ಜಿಯಲ್ಲಿ ಸೈನ್ಯದಲ್ಲಿ ಇದೀರಾ ಅಂತ ಪ್ರಶ್ನೆ, ಜೊತೆಗೆ ಈ ಕಡೆ ಯೂನಿಟ್ ಪರ್ಮಿಷನ್. ಅಜ್ಜಿಗೆ ಹುಷಾರಿಲ್ಲ ಅಂತ ಫೋನ್ ಬಂದ ರಾತ್ರಿನೇ ಫ್ಲೈಟ್ ಹತ್ತೋ ಕಾಲ ಮುಗೀತು ಅಂದ್ಕೊಳ್ಳಿ. ಅಪ್ಪ ಅಮ್ಮ ಸಿಟಿಜನ್ ಆದಾಗ ಮಕ್ಕಳಿಗೂ ಓಸಿಐ ಮಾಡಿಸಿರ್ತಾರೆ, ಈಗ ಸೇರೋ ಹುಡುಗನ ಹತ್ರ ಕಾರ್ಡ್ ಇದ್ರೆ ಸೇರೋ ಮುಂಚೆನೇ ಕಾನ್ಸುಲೇಟ್‌ಗೆ ಬರೆದು ಕೇಳಿ, ಉತ್ತರ ಬರವಣಿಗೇಲೇ ತಗೊಳ್ಳಿ. ಸುಮ್ನೆ ಜೇಬಲ್ಲಿಟ್ಕೊಂಡು ಓಡಾಡೋದು ಬೇಡ. ಸೇರೋದೋ ಬೇಡ್ವೋ ಅಂತ ಮನೇಲಿ ಮಾತಾಡುವಾಗ ಬೋನಸ್‌ಗಿಂತ ಮುಂಚೆ ಮಾತಾಡ್ಬೇಕಾಗಿರೋದು ಇದು, ನಾವು ಮಾತಾಡಿದ್ದು ಕೊನೇಲಿ.

ಸರಿ, ಈಗ ಓದು. ಮೊದ್ಲು ಹತ್ತು ವಾರ ಬೇಸಿಕ್ ಅನ್ನೋ ಸೈನಿಕ ತರಬೇತಿ, ಆಮೇಲೆ ಎಐಟಿ ಅನ್ನೋ ಟೆಕ್ನಿಕಲ್ ಟ್ರೈನಿಂಗ್, 25ಬಿಗೆ ಸುಮಾರು 20 ವಾರ. ನಮ್ಮ ಬಿಇ ಥರ ಸೆಮಿಸ್ಟರ್ ಕೊನೇಲಿ ಹತ್ತು ದಿನ ಓದಿ ಪಾಸ್ ಮಾಡೋದಲ್ಲ. ಒಂದು ಮಾಡ್ಯೂಲ್ ಮುಗಿಯೋ ಹೊತ್ತಿಗೆ ಟೆಸ್ಟ್, ಫೇಲಾದ್ರೆ ಒಂದ್ಸಲ ರೀಟೆಸ್ಟ್, ಅದೂ ಹೋದ್ರೆ ಹಿಂದಿನ ಬ್ಯಾಚಿಗೆ ತಳ್ತಾರೆ ಅಥವಾ ರೀಕ್ಲಾಸ್, ಅಂದ್ರೆ ಆರ್ಮಿಗೆ ಬೇಕಾದ ಬೇರೆ ಯಾವ್ದೋ ಕೆಲಸ ಕೈಗೆ ಬರತ್ತೆ. ಬೆಳಿಗ್ಗೆ ಕತ್ತಲಲ್ಲೇ ಪಿಟಿ, ಆಮೇಲೆ ಇಡೀ ದಿನ ಕ್ಲಾಸು, ರಾತ್ರಿ ಪಾಳಿ ಪ್ರಕಾರ ಕಾವಲು. ಅಂಥ ನಿದ್ದೆಗಣ್ಣಲ್ಲಿ ಹೊಸದಾಗಿ ಏನೂ ತಲೆಗೆ ಹೋಗಲ್ಲ. ಅದಕ್ಕೇ ಬೇಸಿಕ್‌ಗೆ ಹೊರಡೋ ಮುಂಚೆ, ಕಾಂಟ್ರಾಕ್ಟ್ ಆಗಿ ಕಾಯೋ ತಿಂಗಳುಗಳಲ್ಲೇ, ಅರ್ಧ ಕಲ್ತು ಹೋಗ್ಬೇಕು. ಬೇಸಿಕ್‌ನಲ್ಲಿ ಪುಸ್ತಕ ಮುಟ್ಟೋಕೆ ಆಗಲ್ಲ, ಆ ಹತ್ತು ವಾರದಲ್ಲಿ ಮರೆತು ಹೋಗದಷ್ಟು ಗಟ್ಟಿ ಆಗಿರ್ಬೇಕು.

ಯಾವುದು ಗಟ್ಟಿ ಆಗ್ಬೇಕು ಅಂದ್ರೆ ನಾನು ಮೊದ್ಲು ಹೇಳೋದು ಸಬ್‌ನೆಟ್ಟಿಂಗ್. ಅಂದ್ರೆ ಒಂದು ದೊಡ್ಡ ನೆಟ್‌ವರ್ಕನ್ನ ಚಿಕ್ಕ ಚಿಕ್ಕ ಭಾಗ ಮಾಡೋದು, ತುಂಬಾ ಹುಡುಗರು ಮುಗ್ಗರಿಸೋದು ಇಲ್ಲೇ. ಅವನಿಗೆ ನಾನು ಹೇಳ್ಕೊಟ್ಟಿದ್ದು ಸೈಟ್ ಲೆಕ್ಕದಲ್ಲಿ. 256 ಸೈಟಿರೋ ಒಂದು ಜಮೀನು ಅಂದ್ಕೋ, ಒಂದೊಂದು ಸೈಟು ಒಂದೊಂದು ಐಪಿ ವಿಳಾಸ (ನೆಟ್‌ವರ್ಕಲ್ಲಿ ಕಂಪ್ಯೂಟರಿಗೆ ಇರೋ ನಂಬರ್). /26 ಅಂದ್ರೆ ಅದನ್ನ 64 ಸೈಟಿನ ನಾಲ್ಕು ಬಡಾವಣೆ ಮಾಡಿದ ಹಾಗೆ: 0ಯಿಂದ, 64ರಿಂದ, 128ರಿಂದ, 192ರಿಂದ. ಪ್ರತಿ ಬಡಾವಣೆಯ ಮೊದಲನೇ ಸೈಟಲ್ಲಿ ಬಡಾವಣೆ ಹೆಸರಿನ ಬೋರ್ಡು, ಅಲ್ಲಿ ಮನೆ ಕಟ್ಟೋ ಹಾಗಿಲ್ಲ. ಕೊನೇ ಸೈಟು ಡಂಗುರ ಹೊಡೆಯೋನಿಗೆ, ಅವನು ಕೂಗಿದ್ರೆ ಬಡಾವಣೆಯ ಎಲ್ಲಾ ಮನೆಗೂ ಕೇಳತ್ತೆ, ಅದೇ ಬ್ರಾಡ್‌ಕಾಸ್ಟ್. ಉಳಿದ 62ರಲ್ಲಿ ಮನೆ. ಈಗ 10.20.30.77/26 ಕೊಟ್ರೆ 77 ಎಲ್ಲಿ ಬೀಳತ್ತೆ, 64ರ ಬಡಾವಣೇಲಿ, ಬೋರ್ಡು .64, ಡಂಗುರ .127, ಮನೆಗಳು .65ರಿಂದ .126. ಬಡಾವಣೆ ಬಿಟ್ಟು ಆಚೆ ಹೋಗ್ಬೇಕಂದ್ರೆ ಗೇಟು ದಾಟ್ಬೇಕು, ಅದೇ ಗೇಟ್‌ವೇ. ಇದನ್ನ ಪೇಪರ್ ಪೆನ್ ಇಲ್ದೇ ಅರ್ಧ ನಿಮಿಷದಲ್ಲಿ ಹೇಳೋ ತನಕ ಬಿಡ್ಬೇಡಿ. ಅವನು ಓಡುವಾಗ ಎದುರಿಗೆ ಬರೋ ಕಾರಿನ ನಂಬರ್ ಪ್ಲೇಟ್ ನೋಡಿ ಕೊನೇ ಎರಡು ಅಂಕಿ ಯಾವ ಬ್ಲಾಕು ಅಂತ ಹೇಳ್ಕೊಂಡು ಓಡ್ತಿದ್ದ, ಪಕ್ಕದ ಮನೆಯೋರು ಏನಂದ್ಕೊಂಡ್ರೋ.

ಅದಾದ್ಮೇಲೆ ಓಎಸ್‌ಐನ ಏಳು ಲೇಯರ್ (ಕೇಬಲಿಂದ ಹಿಡಿದು ಆ್ಯಪ್ ತನಕ ನೆಟ್‌ವರ್ಕನ್ನ ಏಳು ಮಟ್ಟ ಮಾಡಿ ನೋಡೋ ರೀತಿ), ಬಾಯಿಪಾಠಕ್ಕಲ್ಲ, ನೆಟ್ ಬರ್ತಿಲ್ಲ ಅಂದಾಗ ಎಲ್ಲಿಂದ ಹುಡುಕೋದು ಅನ್ನೋದಕ್ಕೆ. ಕೆಳಗಿಂದ ಶುರು ಮಾಡಿ, ಕೇಬಲ್ ಸಿಕ್ಕಿಸಿದೆಯಾ, ಲೈಟ್ ಉರೀತಿದೆಯಾ, ಐಪಿ ಬಂದಿದೆಯಾ, ಪಿಂಗ್ ಹೋಗತ್ತಾ (ಆ ಕಡೆ ಮೆಷಿನ್ ಉತ್ತರ ಕೊಡತ್ತಾ ಅನ್ನೋ ಟೆಸ್ಟ್), ವೆಬ್‌ಸೈಟ್ ಹೆಸರನ್ನ ಐಪಿ ನಂಬರ್ ಮಾಡಿಕೊಡೋ ಡಿಎನ್‌ಎಸ್ ಸಿಗತ್ತಾ. ಪೋರ್ಟ್ ನಂಬರ್‌ಗಳು, ಅಂದ್ರೆ ಮೆಷಿನಲ್ಲಿ ಯಾವ ಸರ್ವಿಸ್‌ಗೆ ಅಂತ ಹೇಳೋ 22, 53, 443 ಇಂಥವು, ಮಗ್ಗಿ ಥರ ಬರ್ಬೇಕು. ಸಿಸ್ಕೋದವರ ಪ್ಯಾಕೆಟ್ ಟ್ರೇಸರ್ ಅನ್ನೋ ನೆಟ್‌ವರ್ಕ್ ಅಭ್ಯಾಸದ ಸಾಫ್ಟ್‌ವೇರ್ ಫ್ರೀ, ಅದ್ರಲ್ಲಿ ಎರಡು ಸ್ವಿಚ್ಚು ಒಂದು ರೂಟರ್ ಇಟ್ಟು ವಿಲ್ಯಾನ್ (ಒಂದೇ ಸ್ವಿಚ್ಚಲ್ಲಿ ಬೇರೆ ಬೇರೆ ನೆಟ್‌ವರ್ಕ್) ಮಾಡಿ, ಕೆಡಿಸಿ, ಮತ್ತೆ ಸರಿ ಮಾಡಿ. ಕ್ಯಾಟ್-6 ಕೇಬಲ್‌ಗೆ ಕೈಯಲ್ಲೇ ಕನೆಕ್ಟರ್ ಹಾಕೋದು ಕಲೀರಿ, ಒಳಗಿನ ತಂತಿಗಳ ಕ್ರಮ ಆರೆಂಜ್ ಬಿಳಿ, ಆರೆಂಜ್, ಹಸಿರು ಬಿಳಿ, ನೀಲಿ, ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು. ಫೀಲ್ಡಲ್ಲಿ ಟೆಂಟೊಳಗೆ ಕೂತು ಇದೇ ಮಾಡ್ಬೇಕಾಗತ್ತೆ.

ಸರ್ಟಿಫಿಕೇಟ್ ಅಂದ್ರೆ ಸೆಕ್ಯುರಿಟಿ ಪ್ಲಸ್, ಕಂಪ್ಯೂಟರ್ ಸೆಕ್ಯುರಿಟಿಯ ಒಂದು ಪರೀಕ್ಷೆ. ಯಾವ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಇರ್ಬೇಕು ಅಂತ ಡಿಫೆನ್ಸ್ ಡಿಪಾರ್ಟ್‌ಮೆಂಟಿನ ನಿಯಮ ಇದೆ, ಮೊದ್ಲು 8570 ಅಂತಿದ್ರು, ಈಗ 8140. ಪರೀಕ್ಷೆ 90 ನಿಮಿಷ, ಹೆಚ್ಚಂದ್ರೆ 90 ಪ್ರಶ್ನೆ, 900ಕ್ಕೆ 750 ಬೇಕು, ಮೂರು ವರ್ಷ ಬಾಳಿಕೆ. ನಿಮ್ಮ ದುಡ್ಡಲ್ಲಿ ಮುಂಚೆನೇ ಬರೀಬೇಕಾ ಅಂತ ಕೇಳ್ತಾರೆ. ಓದಿ ಇಟ್ಕೊಳ್ಳಿ, ಬರೀಬೇಡಿ, ಸೇರಿದ ಮೇಲೆ ಪರೀಕ್ಷೆ ಖರ್ಚು ಅವರೇ ಕೊಡೋ ದಾರಿಗಳು ಇವೆ. ಇನ್ನೊಂದು ಯಾರೂ ಹೇಳ್ದೇ ಇರೋದು: ಡಿಫೆನ್ಸ್‌ನ ನೆಟ್‌ವರ್ಕ್ ನೋಡ್ಕೊಳ್ಳೋ ಡಿಸಾ ಅನ್ನೋ ಸಂಸ್ಥೆ ಸ್ಟಿಗ್ ಅಂತ ಸೆಕ್ಯುರಿಟಿ ಚೆಕ್‌ಲಿಸ್ಟ್‌ಗಳನ್ನ ಪಬ್ಲಿಕ್ಕಾಗೇ ಹಾಕಿರತ್ತೆ, ವಿಂಡೋಸ್‌ದು ಒಂದು ಇಳಿಸ್ಕೊಂಡು ಮನೆ ಲ್ಯಾಪ್‌ಟಾಪ್ ಮೇಲೆ ಹತ್ತು ಪಾಯಿಂಟ್ ನೋಡಿ. ಬೋರು ಹೊಡೆಯತ್ತೆ, ಕೆಲಸಕ್ಕೆ ಸೇರಿದ ಮೇಲೆ ದಿನದ ಅರ್ಧ ಅದೇ ಇರತ್ತೆ ಅನ್ನೋದು ಈಗ್ಲೇ ಗೊತ್ತಾಗ್ಲಿ.

ಮೈ ಕಡೆ ಬಂದ್ರೆ, 2025ರ ಜೂನಿಂದ ಆರ್ಮಿ ಫಿಟ್‌ನೆಸ್ ಟೆಸ್ಟಲ್ಲಿ ಐದು ಐಟಂ: ಡೆಡ್‌ಲಿಫ್ಟ್, ಕೈ ಎತ್ತಿ ಮಾಡೋ ಪುಶ್‌ಅಪ್, ಸ್ಲೆಡ್ ಎಳೆದು ಭಾರ ಹೊತ್ತು ಓಡೋದು, ಪ್ಲಾಂಕ್, ಎರಡು ಮೈಲಿ ಓಟ. ಒಂದೊಂದ್ರಲ್ಲೂ ಕನಿಷ್ಠ 60. ನಮ್ಮ ಹುಡುಗರಿಗೆ ಓಟ ಹೇಗೋ ಆಗತ್ತೆ, ಡೆಡ್‌ಲಿಫ್ಟಿಗೆ ಸೊಂಟ ಹಿಡಿಯತ್ತೆ, ಮೂರು ತಿಂಗಳು ಮುಂಚೆ ಜಿಮ್ ಸೇರಿ. ಸಸ್ಯಾಹಾರಿಗಳಿಗೆ ಮೆಸ್ಸಲ್ಲಿ ಅನ್ನ, ಬೀನ್ಸ್, ಮೊಟ್ಟೆ, ಸಲಾಡ್ ಸಿಗತ್ತೆ, ಫೀಲ್ಡಲ್ಲಿ ಕೊಡೋ ರೆಡಿ ಊಟದ ಎಂಆರ್‌ಇ ಪ್ಯಾಕೆಟ್ 24 ಬಗೆಯಲ್ಲಿ ನಾಲ್ಕು ವೆಜ್. ಬೇಸಿಕ್‌ನಲ್ಲಿ ತಿನ್ನೋಕೆ ಕೊಡೋದೇ ಹತ್ತು ನಿಮಿಷ, ರುಚಿ ಯೋಚಿಸೋಕೆ ಟೈಮಿರಲ್ಲ. ಜನಿವಾರ, ಇಷ್ಟಲಿಂಗ ಹಾಕೋರು ಹೊರಡೋ ಮುಂಚೆನೇ ವಿಷಯ ತಿಳಿಸಿ, ಒಳಗೆ ಹೋದ್ಮೇಲೆ ಚಾಪ್ಲಿನ್ (ಆರ್ಮಿಯ ಧರ್ಮಗುರು) ಹತ್ರ ಮಾತಾಡಿ.

ಈ ಕೆಲಸ ಬೇಕು ಆದ್ರೆ ಈಗಿರೋ ಜಾಬ್ ಬಿಡೋಕಾಗಲ್ಲ ಅನ್ನೋರಿಗೆ ನ್ಯಾಷನಲ್ ಗಾರ್ಡ್, ರಿಸರ್ವ್ ಇದೆ, ಟ್ರೈನಿಂಗ್ ಅದೇ, ಮುಗಿಸಿ ಬಂದ್ಮೇಲೆ ತಿಂಗಳಿಗೊಂದು ವೀಕೆಂಡ್, ವರ್ಷಕ್ಕೆ ಎರಡು ವಾರ. ವಯಸ್ಸಾಯ್ತು ಅಂದ್ಕೊಂಡಿರೋರೂ ಒಂದ್ಸಲ ವಿಚಾರಿಸಿ, ನೇವಿ 41ರ ತನಕ, ಏರ್‌ಫೋರ್ಸ್ 42ರ ತನಕ ತಗೊಳತ್ತೆ. ಯಾವುದೇ ಆದ್ರೂ ಮೊದಲ ಕಾಂಟ್ರಾಕ್ಟಿಗೆ ಒಟ್ಟು ಎಂಟು ವರ್ಷದ ಬಾಧ್ಯತೆ, ನಾಲ್ಕು ವರ್ಷ ಅಂತ ಸೈನ್ ಮಾಡಿದ್ರೂ ಉಳಿದಿದ್ದು ರಿಸರ್ವ್ ಲಿಸ್ಟಲ್ಲಿ ಹೆಸರು ಇರತ್ತೆ.

ಹೊರಡೋ ವಾರ ಅಂತ ಒಂದು ಪುಟ್ಟ ಕೆಲಸ. ಬೇಸಿಕ್‌ನಲ್ಲಿ ಫೋನ್ ಕಿತ್ಕೊಂಡು ಇಟ್ಕೊತಾರೆ, ಬ್ಯಾಂಕ್ ಓಟಿಪಿ ಯಾವ್ದೂ ನೋಡೋಕಾಗಲ್ಲ, ಇಂಡಿಯಾ ಸಿಮ್ ರೀಚಾರ್ಜ್ ಮರೆತ್ರೆ ಆ ನಂಬರ್ ಹೋದ ಹಾಗೇ. ಆಟೋ ಪೇ ಹಾಕಿ, ಇಲ್ಲಿನ ವ್ಯವಹಾರಕ್ಕೆ ಮನೇಲಿ ಯಾರಿಗಾದ್ರೂ ಪವರ್ ಆಫ್ ಅಟಾರ್ನಿ ಬರ್ಕೊಡಿ. ಹೆಚ್ಚಾಗಿ ಕಾಗದವೇ ಹೋಗತ್ತೆ, ಬರತ್ತೆ. ಅಕ್ಕ ಇಪ್ಪತ್ತು ವರ್ಷ ಆದ್ಮೇಲೆ ಪೆನ್ ಹಿಡಿದು ಕನ್ನಡದಲ್ಲಿ ಕಾಗದ ಬರೆದ್ಳು, ಅವನಿಗೆ ಕನ್ನಡ ಓದೋಕೆ ನಿಧಾನ, ಒಂದು ಕಾಗದ ಓದೋಕೆ ನಾಲ್ಕು ರಾತ್ರಿ ಬೇಕಾಯ್ತಂತೆ.