ವಾರ್ಡಿನ ಕಂಪ್ಯೂಟರಿನಲ್ಲಿ ಸಕ್ಕರೆಯ ಲೆಕ್ಕ ಇಡುವ ಬಗೆ

ರಾಯಚೂರಿನಂಥ ಜಿಲ್ಲಾ ಕೇಂದ್ರದ ಆಸ್ಪತ್ರೆಯಲ್ಲಿ ಮಧುಮೇಹಿಗಳ ರಕ್ತದ ಸಕ್ಕರೆಯನ್ನು ಕಂಪ್ಯೂಟರಿನ ನೆರವಿನಿಂದ ಹತೋಟಿಯಲ್ಲಿಡಲು ಹೊರಟವರು ಮೊದಲು ಗ್ಲುಕೋಮೀಟರಿನ ಅಂಕಿ, ಇನ್ಸುಲಿನ್ ಪ್ರಮಾಣ ಮತ್ತು ಊಟದ ಹೊತ್ತು ಈ ಮೂರೂ ಒಂದೇ ಪರದೆಯಲ್ಲಿ ಕಾಣುವಂತೆ ಮಾಡಬೇಕು. ಊಟದ ಹೊತ್ತನ್ನು ಮರೆಯಲೇಬಾರದು. ಊರಿನಿಂದ ಬಸ್ಸಿನಲ್ಲಿ ಬರಬೇಕಾದ ಜೋಳದ ರೊಟ್ಟಿಯ ಬುತ್ತಿ ತಡವಾದರೆ, ಮೊದಲೇ ಕೊಟ್ಟ ಇನ್ಸುಲಿನ್ ಅಪಾಯ ತರುತ್ತದೆ. ಆದ್ದರಿಂದ ಬುತ್ತಿ ಬಂದುದನ್ನು ನರ್ಸ್ ಗುರುತಿಸಿದ ಮೇಲೆಯೇ ಊಟದ ಇನ್ಸುಲಿನ್ನಿನ ಸೂಚನೆ ತೆರೆಯುವಂತೆ ತಂತ್ರಾಂಶವನ್ನು ಹೊಂದಿಸಿರಿ. ದಿನವಿಡೀ ಕೆಲಸ ಮಾಡುವ ಇನ್ಸುಲಿನ್ನಿಗೆ ಈ ತಡೆ ಬೇಡ. ಹೆಚ್ಚಿನ ಒಳರೋಗಿಗಳಿಗೆ ಡೆಸಿಲೀಟರಿಗೆ 140ರಿಂದ 180 ಮಿಲಿಗ್ರಾಂ ಗುರಿಯಾಗಿರಲಿ. 70ಕ್ಕಿಂತ ಕೆಳಗಿಳಿದೊಡನೆ ಎಚ್ಚರಿಕೆ ಮೊಳಗಿ, ಚಿಕಿತ್ಸೆಯಾದ 15 ನಿಮಿಷಕ್ಕೆ ಮರುಪರೀಕ್ಷೆಯನ್ನು ನೆನಪಿಸಬೇಕು. ಕರೆಂಟು ಹೋದಾಗ ಬರೆಯಲು ಕಾಗದದ ಪಟ್ಟಿಯೊಂದು ಹಾಸಿಗೆಯ ಬಳಿಯೇ ಇರಲಿ.