ಬ್ರೆಡ್ಡಿನ ಮಳೆ, ಪಕ್ಕದಲ್ಲೇ ಗರಡಿಮನೆ

ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ನನಗೊಂದು ಸಂಬಳವಿಲ್ಲದ ಕೆಲಸ ಅಂಟಿಕೊಂಡಿತ್ತು. ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರಿಗೆ ಕ್ರೀಡಾಂಗಣ ತೋರಿಸುವುದು. ಮೊದಲ ಸಲ ಇಸವಿಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋದೆ. ಫ್ರಾಂಕ್ಲಿನ್ ಫೀಲ್ಡ್ ಶುರುವಾಗಿದ್ದು 1895ರಲ್ಲಿ. ಈಗಿನ ಕೆಳಗಿನ ಗ್ಯಾಲರಿ 1922ರದ್ದು, ಮೇಲಿನದು 1925ರದ್ದು. ಹತ್ತು ನಿಮಿಷಕ್ಕೆ ಎಲ್ಲರೂ ಫೋನ್ ನೋಡುತ್ತಿದ್ದರು.

ಸರಿದಾರಿಗೆ ತಂದವರು ನಮ್ಮಮ್ಮ. ಊರಿನಿಂದ ಬಂದಿದ್ದ ಅಪ್ಪ ಅಮ್ಮನನ್ನು ಒಂದು ಶನಿವಾರ ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಕರೆದೊಯ್ದೆ. ಆಟ ಇಬ್ಬರಿಗೂ ಅರ್ಥವಾಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅಷ್ಟಕ್ಕಷ್ಟೆ. ಮೂರನೇ ಕ್ವಾರ್ಟರ್ ಮುಗಿಯಿತು, ಹುಡುಗರು ಎದ್ದು ಕಾಲೇಜಿನ ಹಳೇ ಹಾಡು ಹಾಡಿದರು. ಹಾಡು ಮುಗಿಯುವ ಹೊತ್ತಿಗೆ ಗ್ಯಾಲರಿಯಿಂದ ಬ್ರೆಡ್ಡಿನ ಮಳೆ!

"ಅಯ್ಯೋ, ತಿನ್ನೋದನ್ನ ಹಿಂಗಾ ಎಸೆಯೋದು?" ಅಮ್ಮ ಎದ್ದೇ ನಿಂತರು.

ವಿವರಿಸಲೇಬೇಕಾಯಿತು. ಮೊದಲೆಲ್ಲ ಆ ಹಾಡಿನ ಕೊನೆಗೆ ನಿಜವಾದ ಗ್ಲಾಸ್ ಎತ್ತಿ ಕುಡಿಯುತ್ತಿದ್ದರಂತೆ. ಆಮೇಲೆ ಕ್ರೀಡಾಂಗಣದೊಳಗೆ ಮದ್ಯ ಬಂದ್ ಆಯಿತು. ಇಂಗ್ಲಿಷಿನಲ್ಲಿ ಗ್ಲಾಸ್ ಎತ್ತಿ ಹಾರೈಸಿದರೂ ಟೋಸ್ಟೇ, ಸುಟ್ಟ ಬ್ರೆಡ್ಡೂ ಟೋಸ್ಟೇ. ಹುಡುಗರು 1970ರ ದಶಕದಲ್ಲಿ ಆ ಟೋಸ್ಟ್ ಬಿಟ್ಟು ಈ ಟೋಸ್ಟ್ ಹಿಡಿದರು. ಬಿದ್ದ ಚೂರುಗಳನ್ನು ಬಾಚಲು ಒಂದು ಗುಡಿಸುವ ಯಂತ್ರವೂ ಇದೆ. ಅಮ್ಮನಿಗೆ ಸಮಾಧಾನ ಆಗಲಿಲ್ಲ. ಆದರೆ ಹಿಂದಿನ ಸಾಲಿನ ಕನ್ನಡದ ಹುಡುಗರಿಬ್ಬರು ಮುಂದೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದರು. ಚೀಟಿ ಅವತ್ತೇ ಹರಿದು ಹಾಕಿದೆ.

ಅಪ್ಪ ನಿವೃತ್ತ ಪಿಇ ಮೇಷ್ಟ್ರು. ಅವರ ಕಣ್ಣೆಲ್ಲ ಮೈದಾನದ ಸುತ್ತಲಿನ ಟ್ರ್ಯಾಕ್ ಮೇಲೆ. ಈ ಮೈದಾನ ಕಟ್ಟಿದ್ದೇ ಓಟಕ್ಕೆ ಅಂದೆ. 1895ರಲ್ಲಿ ಪೆನ್ ರಿಲೇಸ್ ಎಂಬ ಓಟದ ಕೂಟ ಮೊದಲು ನಡೆದಿದ್ದು ಇಲ್ಲೇ. ಈಗಲೂ ಪ್ರತಿ ಏಪ್ರಿಲ್ ಕೊನೆಯಲ್ಲಿ ನಡೆಯುತ್ತದೆ. 1964ರಿಂದ ಜಮೈಕಾದ ಶಾಲಾ ಮಕ್ಕಳೂ ಓಡಲು ಬರುತ್ತಾರೆ. ಆ ಓಟದ ದಿನಗಳಲ್ಲಿ ಗ್ಯಾಲರಿಯ ಒಂದು ಭಾಗ ಪೂರ್ತಿ ಜಮೈಕಾನೇ, ಹಸಿರು, ಹಳದಿ, ಕಪ್ಪು. ಗೆದ್ದವರಿಗೆ ಕೊಡುವ ಪದಕದಲ್ಲಿ ಕುರ್ಚಿಯಲ್ಲಿ ಕೂತ, ವಿಶ್ವವಿದ್ಯಾಲಯದ ಸ್ಥಾಪಕ ಬೆಂಜಮಿನ್ ಫ್ರಾಂಕ್ಲಿನ್ ಓಟಗಾರರನ್ನು ಬರಮಾಡಿಕೊಳ್ಳುವ ಚಿತ್ರವಿದೆ. ಅದನ್ನು ಕೆತ್ತಿದ ಟೇಟ್ ಮೆಕೆಂಜಿ ಇಲ್ಲಿ ದೈಹಿಕ ಶಿಕ್ಷಣದ ಪ್ರೊಫೆಸರ್ ಆಗಿದ್ದವರು.

"ಅಂದ್ರೆ ನಮ್ಮೋರೇ ಅಲ್ವಾ!" ಅಪ್ಪನ ಮುಖ ಅರಳಿತು. ನಮ್ಮೂರ ಶಾಲೆಯಲ್ಲಿ ಬಿದಿರಿನ ತುಂಡು ಕೊಟ್ಟು ರಿಲೇ ಓಡಿಸಿದವರು ಅವರು.

ಆಮೇಲಿನ ನನ್ನ ಸುತ್ತಾಟದ ಕ್ರಮ ಇಷ್ಟೇ: ಮೊದಲು ಬ್ರೆಡ್ಡು, ಆಮೇಲೆ ಟ್ರ್ಯಾಕ್, ಇಸವಿ ಯಾರಾದರೂ ಕೇಳಿದರೆ ಮಾತ್ರ. ಕೊನೆಗೆ ಪಕ್ಕದ ಪಲೆಸ್ಟ್ರಾ, 1927ರ ಜನವರಿ 1ರಂದು ತೆರೆದ ಬ್ಯಾಸ್ಕೆಟ್‌ಬಾಲ್ ಅಂಗಣ. ಚೆಂಡು ಮೊದಲ ಸಲ ಬುಟ್ಟಿಗೆ ಬಿದ್ದೊಡನೆ ಬಣ್ಣದ ಕಾಗದದ ಸುರುಳಿ ಎಸೆಯುವ ಪದ್ಧತಿ ಇಲ್ಲಿತ್ತು. 1980ರ ದಶಕದಲ್ಲಿ ನಿಯಮ ತಂದು ನಿಲ್ಲಿಸಿದರು. ಬ್ರೆಡ್ಡು ಉಳಿಯಿತು, ಕಾಗದ ಹೋಯಿತು. ಎಂಥಾ ನ್ಯಾಯವೋ!

ಪಲೆಸ್ಟ್ರಾ ಅಂತ ಹೆಸರು ಇಟ್ಟಿದ್ದು ಒಬ್ಬ ಗ್ರೀಕ್ ಭಾಷೆಯ ಪ್ರೊಫೆಸರ್ ಎಂದು ಅಪ್ಪನಿಗೆ ಹೇಳಿದ್ದೆ. ಹಳೇ ಗ್ರೀಸಿನಲ್ಲಿ ಕುಸ್ತಿ ಕಲಿಸುತ್ತಿದ್ದ ಜಾಗ ಅದು, ಸುತ್ತ ಕೋಣೆಗಳು, ನಡುವೆ ಅಂಗಳ, ಅಂತ ಉದ್ದಕ್ಕೆ ಶುರು ಮಾಡಿದೆ.

"ಗರಡಿಮನೆ ಅಂದ್ಬಿಡು ಸುಮ್ನೆ," ಅಂದರು.

ಈಗ ಹಾಗೇ ಹೇಳುತ್ತೇನೆ.