ಫ್ರಿಜ್ ಕಂಪ್ರೆಸರ್‌ನಿಂದ ಗಾಳಿ ಯಂತ್ರ: ಟ್ಯಾಂಕಿನ ಬಗ್ಗೆ ಎಚ್ಚರ
ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಹಳೆಯ ಫ್ರಿಜ್ ಕಂಪ್ರೆಸರ್ ಹುಡುಕಬಹುದು. ಟೈರಿಗೆ ಗಾಳಿ ಹಾಕಲು, ಧೂಳು ಊದಲು ಅದು ಸಾಕು. ನನ್ನ ಚಿಂತೆಯೆಲ್ಲ ಒತ್ತಿದ ಗಾಳಿ ತುಂಬಿಡುವ ಟ್ಯಾಂಕಿನದು. ಅಡುಗೆ ಅನಿಲದ ಸಿಲಿಂಡರ್, ಬಣ್ಣದ ಡಬ್ಬಿ, ಪಿವಿಸಿ ಪೈಪು ದಯವಿಟ್ಟು ಬೇಡ. ಪಿವಿಸಿ ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ. ಲಾರಿಯ ಏರ್ ಬ್ರೇಕ್ ಟ್ಯಾಂಕನ್ನೇ ಹುಡುಕಿ. ಒಳಗೆ ತುಕ್ಕು ತಿಂದಿದ್ದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ. ಗಾಳಿ ತುಂಬುವ ಮೊದಲು ಟ್ಯಾಂಕಿಗೆ ಪೂರ್ತಿ ನೀರು ತುಂಬಿ, ಕೈಪಂಪಿನಿಂದ ಬಳಕೆಯ ಒತ್ತಡದ ಒಂದೂವರೆ ಪಟ್ಟು ಏರಿಸಿ ಪರೀಕ್ಷಿಸಿ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಆದ್ದರಿಂದ ಬೆಸುಗೆ ಬಿಟ್ಟರೂ ಟ್ಯಾಂಕ್ ಬಾಂಬಾಗುವುದಿಲ್ಲ. ಒತ್ತಡ ಮಿತಿ ಮೀರಿದರೆ ಗಾಳಿ ಹೊರಬಿಡುವ ಸೇಫ್ಟಿ ವಾಲ್ವ್ ಮಾತ್ರ ಹೊಸದೇ ಇರಲಿ, ಅಲ್ಲಿ ಉಳಿತಾಯ ಸಲ್ಲದು. ಫ್ರಿಜ್‌ನ ಗ್ಯಾಸನ್ನು ಮೆಕ್ಯಾನಿಕ್‌ನಿಂದಲೇ ತೆಗೆಸಿ. ಕಂಪ್ರೆಸರ್ ಗಾಳಿಯ ಜೊತೆ ಎಣ್ಣೆಯನ್ನೂ ಉಗುಳುತ್ತದೆ, ಫಿಲ್ಟರ್ ಹಾಕಿ. ಕೆಲಸ ಮುಗಿದಾಗಲೆಲ್ಲ ಗಾಳಿ ಇಳಿಸಿ, ಟ್ಯಾಂಕಿನ ತಳದ ನಲ್ಲಿ ತೆರೆದು ಗಾಳಿಯ ತೇವದಿಂದ ಸೇರಿದ ನೀರು ಹೊರಬಿಡಿ.